ದುರ್ಗದ ಕಡೆ ಬಂದರೆ ಕೋಟೆ ಅಷ್ಟೇ ಅಲ್ಲ, ನೀರನ್ನೂ ನೋಡಿ

ಬೆಂಗಳೂರಿನವರ ಭಾನುವಾರ ಎಲ್ಲಿ ಕಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ನಂದಿಬೆಟ್ಟ, ಸ್ಕಂದಗಿರಿ, ಶಿವಗಂಗೆ, ಸಾವನದುರ್ಗ, ರಾಮನಗರದ ಬಂಡೆಗಳು. ಬೆಳಗಿನ ಜಾವ ಎದ್ದು ಹೊರಟರೂ ನಂದಿಬೆಟ್ಟದ ಬುಡದಲ್ಲಿ ಗಾಡಿಗಳ ಸಾಲು ತಪ್ಪುವುದಿಲ್ಲ. ಇನ್ನೂ ಸ್ವಲ್ಪ ದೂರ ಹೋಗೋಣ ಅನ್ನುವವರು ನಮ್ಮ ಚಿತ್ರದುರ್ಗಕ್ಕೆ ಬರುತ್ತಾರೆ. ಹೆದ್ದಾರಿ ಚೆನ್ನಾಗಿದೆ, ಇನ್ನೂರು ಕಿಲೋಮೀಟರ್ ಆಸುಪಾಸು, ಬೆಳಗ್ಗೆ ಬೇಗ ಬಿಟ್ಟರೆ ತಿಂಡಿ ಹೊತ್ತು ಮುಗಿಯುವುದರೊಳಗೆ ಊರು ಸೇರಬಹುದು. ಬಂದವರು ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿಯಲ್ಲಿ ನುಸುಳಿ ಫೋಟೊ ತೆಗೆಸಿಕೊಳ್ಳುತ್ತಾರೆ, ಊಟ ಮಾಡಿ ವಾಪಸ್ ಹೊರಡುತ್ತಾರೆ.

ಕೋಟೆ ನೋಡಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ದೂರ ಬಂದವರು ಅಷ್ಟಕ್ಕೇ ತಿರುಗಿ ಹೋಗುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ನಮ್ಮ ಭಾವ ಬೆಂಗಳೂರಿನಿಂದ ಫೋನ್ ಮಾಡಿ, "ಏನಪ್ಪಾ, ಮಕ್ಕಳಿಗೆ ರಜಾ ಇದೆ, ಒಂದು ದಿನಕ್ಕೆ ಬಂದು ಹೋಗ್ತೀವಿ. ಕೋಟೆ ಬಿಟ್ಟು ಬೇರೆ ಏನಾದ್ರೂ ಇದ್ರೆ ತೋರ್ಸು" ಅಂದಾಗಲೆಲ್ಲ ನಾನು ಕೊಡುವ ಉತ್ತರ ಒಂದೇ. ನೀರು ತೋರಿಸ್ತೀನಿ ಬನ್ನಿ.

ಬರದ ಸೀಮೆಗೆ ಕರೆದು ನೀರು ತೋರಿಸುವುದಾ ಅಂತ ಅನ್ನಿಸಬಹುದು. ಬರದ ಸೀಮೆ ಆಗಿರುವುದರಿಂದಲೇ ಕರೆಯುತ್ತಿದ್ದೇನೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆ ಮಳೆ ಬೀಳುವುದೇ ಕಡಿಮೆ, ಅದರಲ್ಲೂ ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ಇಂಥ ನೆಲದಲ್ಲಿ ಸಾವಿರಾರು ವರ್ಷ ಜನ ಬದುಕಿದ್ದಾರೆ ಅಂದರೆ, ಬಿದ್ದ ಮಳೆಯನ್ನು ಹಿಡಿದಿಡುವುದನ್ನು ಕಲಿತೇ ಬದುಕಿದ್ದಾರೆ. ಮಲೆನಾಡಿಗೆ ಹೋದರೆ ಜಲಪಾತ ನೋಡುತ್ತೀರಿ, ಅದನ್ನು ಯಾರೂ ಕಟ್ಟಿದ್ದಲ್ಲ. ಇಲ್ಲಿ ನೀವು ನೋಡುವ ಒಂದೊಂದು ನೀರಿನ ಹಿಂದೆಯೂ ಯಾರದೋ ಲೆಕ್ಕಾಚಾರ ಇದೆ, ಯಾರದೋ ಬೆವರು ಇದೆ.

ಕೋಟೆಯಿಂದಲೇ ಶುರು ಮಾಡೋಣ, ಹೇಗೂ ಹತ್ತೇ ಹತ್ತುತ್ತೀರಿ. ಓಬವ್ವನ ಕತೆ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ್ದು, ಆಕೆ ಒನಕೆಯಲ್ಲಿ ಬಡಿದು ಬಡಿದು ಹಾಕಿದ್ದು. ಆದರೆ ಆ ಹೊತ್ತಿನಲ್ಲಿ ಆಕೆ ಅಲ್ಲಿಗೆ ಯಾಕೆ ಹೋಗಿದ್ದಳು? ನಮ್ಮ ಊರಲ್ಲಿ ಹೇಳುವ ಕತೆಯ ಪ್ರಕಾರ ಕಾವಲು ಬಿಟ್ಟು ಊಟಕ್ಕೆ ಬಂದ ಗಂಡನಿಗೆ ಕುಡಿಯೋಕೆ ನೀರು ತರಲು ಹೋಗಿದ್ದಳು. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ, ಬಂಡೆಯ ನೆರಳಲ್ಲಿ. ಜನ ಕಿಂಡಿಯ ಮುಂದೆ ಸಾಲು ನಿಲ್ಲುತ್ತಾರೆ, ದೋಣಿಯನ್ನು ಸುಮ್ನೆ ದಾಟಿ ಹೋಗುತ್ತಾರೆ.

ಕೋಟೆಯೊಳಗಿನ ಹೊಂಡಗಳನ್ನು ಒಂದೊಂದಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಒಟ್ಟಿಗೆ ನೋಡಬೇಕು. ಮೇಲುಗಡೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಮುಂದೆ ಅಕ್ಕ-ತಂಗಿ ಹೊಂಡ. ಅಲ್ಲಿಂದ ಹರಿದ ನೀರು ಬೆಟ್ಟ ಇಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಅದಾದ ಮೇಲೆ ಸಂತೆ ಹೊಂಡಕ್ಕೆ. ಬೆಟ್ಟದ ಬಂಡೆಗಳ ಮೇಲೆ ಬಿದ್ದ ಮಳೆ ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಯುತ್ತಾ, ಕೋಟೆಯಲ್ಲಿದ್ದವರಿಗೂ ಬುಡದಲ್ಲಿದ್ದ ಪೇಟೆಯವರಿಗೂ ಒದಗುವ ಹಾಗೆ ಮಾಡಿದ್ದರು. ಮೇಲಿನವರು ತುಂಬಿಸಿಕೊಂಡ ಮೇಲೆ ಕೆಳಗಿನವರಿಗೆ, ಆದರೆ ಕೆಳಗಿನವರಿಗೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಬರಿಯ ಕಲ್ಲುಬಂಡೆಯ ಬೆಟ್ಟದ ಮೇಲೆ ಅಷ್ಟು ಜನ, ಅಷ್ಟು ಕುದುರೆ, ಆನೆ ಇಟ್ಟುಕೊಂಡು ಮುತ್ತಿಗೆ ತಡೆದುಕೊಂಡರು ಅಂದರೆ ಏಳು ಸುತ್ತಿನ ಗೋಡೆಯಷ್ಟೇ ಈ ಹೊಂಡಗಳೂ ಕಾರಣ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಹೊಂಡಗಳು ಅದಾದ ಮೇಲೂ ಊರಿಗೆ ನೀರು ಕೊಟ್ಟವು. ಕೋಟೆ ನೋಡಿ ಇಳಿದ ಮೇಲೆ ಊರೊಳಗಿನ ಸಂತೆ ಹೊಂಡದ ಹತ್ತಿರ ಎರಡು ನಿಮಿಷ ನಿಲ್ಲಿ. ಕಟ್ಟಡಗಳ ಮಧ್ಯೆ ಸಿಕ್ಕಿಕೊಂಡಿದೆ, ಆದರೂ ಇದೆ.

ಬೆಂಗಳೂರಿನವರಿಗೆ ಇದನ್ನು ಹೇಳುವಾಗ ನನಗೆ ಇನ್ನೊಂದು ವಿಷಯ ನೆನಪಾಗುತ್ತದೆ. ನಮ್ಮೂರಿಗೆ ಬರೋದಕ್ಕೆ ನೀವು ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುತ್ತೀರಲ್ವಾ, ಅದು ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ನಿಂತಿದ್ದ ನಮ್ಮ ಅಕ್ಕನ ಮನೆಯವರು ಆಮೇಲೆ ಇಲ್ಲಿಗೆ ಬಂದಾಗ ಈ ಹೊಂಡಗಳನ್ನು ನೋಡಿದ ರೀತಿಯೇ ಬೇರೆ ಆಗಿತ್ತು. ಅಕ್ಕನ ಮಗಳು ಅಕ್ಕ-ತಂಗಿ ಹೊಂಡದ ಮೆಟ್ಟಿಲ ಮೇಲೆ ಕೂತು, "ಮಾಮ, ಇದರ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ" ಅಂತ ಒಂದೇ ಸಮ ಕೇಳಿದಳು. ಬಗ್ಗಿ ಬಗ್ಗಿ ಕಾಲುವೆಯ ದಾರಿ ಹುಡುಕಿದಳು. ನನಗೆ ಅವತ್ತು ಬಹಳ ಖುಷಿಯಾಯಿತು.

ಕೋಟೆಯ ಹಿಂಬದಿಯಲ್ಲೇ ಚಂದ್ರವಳ್ಳಿ ಇದೆ. ಕೋಟೆಗೆ ಬಂದವರಲ್ಲಿ ಅರ್ಧದಷ್ಟು ಜನವೂ ಇಲ್ಲಿಗೆ ಬರುವುದಿಲ್ಲ ಅಂತ ನನ್ನ ಅಂದಾಜು. ಮೂರು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಒಂದು ಕೆರೆ, ಸುತ್ತ ಮರಗಳು, ದೊಡ್ಡ ದೊಡ್ಡ ಗುಂಡುಕಲ್ಲುಗಳು. ಬೆಳಗ್ಗೆ ವಾಕಿಂಗ್‌ಗೆ ಬರುವ ಊರವರು ಬಿಟ್ಟರೆ ಜನ ಕಡಿಮೆ. ಅಲ್ಲಿ ಅಂಕಲಿ ಮಠ ಅಂತ ಇದೆ, ಬಂಡೆಗಳ ಅಡಿಯಲ್ಲಿ ನೆಲದೊಳಕ್ಕೆ ಇಳಿಯುವ ಗುಹೆ. ಒಳಗೆ ಕತ್ತಲು. ಟಾರ್ಚ್ ಹಿಡಿದು ತೋರಿಸುವವರ ಜೊತೆ ಹೋಗಬೇಕು. ಕೋಣೆಯೊಳಗೊಂದು ಕೋಣೆ, ತಲೆ ತಗ್ಗಿಸಿ ನುಗ್ಗಬೇಕಾದ ಬಾಗಿಲುಗಳು, ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಂಪು. ಮಕ್ಕಳಿಗೆ ಇದು ತುಂಬಾ ಹಿಡಿಸುತ್ತದೆ. ಉಬ್ಬಸ ಇರುವವರು, ಇಕ್ಕಟ್ಟು ಕಂಡರೆ ಭಯ ಪಡುವವರು ಹೊರಗೇ ಕೂತಿರಲಿ.

ಆದರೆ ನಾನು ಚಂದ್ರವಳ್ಳಿಗೆ ಕರೆದುಕೊಂಡು ಹೋಗುವುದು ಗುಹೆಗಾಗಿ ಅಲ್ಲ. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಒಂದು ಬಂಡೆಯ ಮೇಲೆ ಮೂರು ಸಾಲಿನ ಶಾಸನ ಇದೆ. ಕದಂಬರ ಮಯೂರಶರ್ಮನದು. ಅಂದರೆ ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆಯಲ್ಲಿದೆ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನು ಓದಿದರು. ಅದರಲ್ಲಿ ಮೊದಲು ಕದಂಬರ ಮಯೂರಶರ್ಮನ ಹೆಸರು ಬರುತ್ತದೆ. ಅದರ ಬೆನ್ನಿಗೇ ಅವನು ಕಟ್ಟಿಸಿದ ಕೆರೆ ಬರುತ್ತದೆ. ಅದಾದ ಮೇಲೆ ತ್ರೈಕೂಟರು, ಆಭೀರರು, ಪಲ್ಲವರು, ಪುನ್ನಾಟದವರು, ಮೌಖರಿಗಳು ಅಂತ ಅವನಿಗೆ ಸೋತವರ ಪಟ್ಟಿ. ಒಂದು ರಾಜವಂಶವನ್ನೇ ಹುಟ್ಟುಹಾಕಿದ ಮನುಷ್ಯ, ಪಲ್ಲವರಂಥವರನ್ನು ಎದುರು ಹಾಕಿಕೊಂಡವನು, ಕಲ್ಲಿನ ಮೇಲೆ ಕೆರೆಯನ್ನು ಮುಂದಿಟ್ಟು ಗೆಲುವನ್ನು ಹಿಂದಿಟ್ಟ. ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಕಣ್ಣಿಗೆ ಅಕ್ಷರಗಳು ಸುಲಭವಾಗಿ ಕಾಣುವುದಿಲ್ಲ, ಬಂಡೆ ಸವೆದಿದೆ. ಇಳಿಬಿಸಿಲಿನಲ್ಲಿ ಹೋದರೆ ಸ್ವಲ್ಪ ವಾಸಿ.

ಇದೇ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದರು. ಅದಕ್ಕೂ ಮೊದಲು ಮೈಸೂರಿನ ಆರ್. ನರಸಿಂಹಾಚಾರ್ ಅವರು ಅಗೆಸಿದ್ದರು. ಶಾತವಾಹನರ ನಾಣ್ಯಗಳು, ರೋಮ್ ದೊರೆಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕವು, ಒಂದು ಚೀನಾ ನಾಣ್ಯವೂ ಸಿಕ್ಕಿತು. ಸಮುದ್ರ ಎಲ್ಲಿ, ನಮ್ಮ ದುರ್ಗ ಎಲ್ಲಿ! ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ದುಡ್ಡು ಈ ಬೆಟ್ಟದ ತಗ್ಗಿಗೆ ಬಂದಿತ್ತು ಅಂದರೆ ಇಲ್ಲಿ ದೊಡ್ಡ ಊರೇ ಇತ್ತು. ಊರಿರಬೇಕು ಅಂದರೆ ನೀರಿರಬೇಕು. ಈಗ ನಮ್ಮೂರಿನ ದೊಡ್ಡ ಗಣಪತಿಯನ್ನು ಬಿಡುವುದೂ ಇದೇ ಚಂದ್ರವಳ್ಳಿಯಲ್ಲೇ.

ಇಲ್ಲಿಗೆ ಬರುವ ಮೊದಲೇ, ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ ಅಂತ ನಾನು ಹೇಳುತ್ತೇನೆ. ಹಿರಿಯೂರಿನ ತೇರು ಮಲ್ಲೇಶ್ವರ ದೇವಸ್ಥಾನದಲ್ಲಿ ಹಳೇ ಕಾಲದ ಬಣ್ಣದ ಚಿತ್ರಗಳಿವೆ, ತಲೆ ಎತ್ತಿ ಚಾವಣಿ ನೋಡಿ, ಕೈಮುಗಿದು ಮುಂದೆ ಹೋಗಿ. ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಮಾರಿಕಣಿವೆ. ಸರ್ಕಾರದ ಕಾಗದದಲ್ಲಿ ವಾಣಿವಿಲಾಸ ಸಾಗರ. ನಮಗೆ ಮಾರಿಕಣಿವೆಯೇ, ಯಾಕೆಂದರೆ ಅಲ್ಲಿ ಕಣಿವೆ ಮಾರಮ್ಮ ಇದ್ದಾಳೆ. ಆಕೆಗೆ ಕೈಮುಗಿಯದೆ ಯಾರೂ ಕಟ್ಟೆ ಹತ್ತುವುದಿಲ್ಲ.

ಎಲ್ಲರೂ ಕೆಆರ್‌ಎಸ್ ನೋಡಿದ್ದಾರೆ. ಕೆಆರ್‌ಎಸ್ ಕೆಲಸ ಶುರುವಾದದ್ದು 1911ರಲ್ಲಿ. ಅಷ್ಟೊತ್ತಿಗೆ ಮಾರಿಕಣಿವೆಯ ಕಟ್ಟೆ ಮುಗಿದು ನಾಲ್ಕು ವರ್ಷ ಆಗಿತ್ತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲ, ದಿವಾನರು ಶೇಷಾದ್ರಿ ಅಯ್ಯರ್. 1897ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಮಹಾರಾಣಿಯವರ ವಾಣಿವಿಲಾಸ ಸನ್ನಿಧಾನ ಎಂಬ ಬಿರುದೇ ಜಲಾಶಯದ ಹೆಸರಾಯಿತು. ಎರಡು ಬೆಟ್ಟಗಳು ಹತ್ತಿರ ಹತ್ತಿರ ಬರುವ ಕಣಿವೆಯ ಬಾಯಿಗೆ ಕಲ್ಲು ಮತ್ತು ಸುಣ್ಣದ ಗಾರೆಯಿಂದ ಅಡ್ಡಗೋಡೆ ಕಟ್ಟಿದ್ದಾರೆ. ಉದ್ದ ಸುಮಾರು 1,330 ಅಡಿ. ಇಷ್ಟು ಸಣ್ಣ ಗೋಡೆಯ ಹಿಂದೆ 30 ಟಿಎಂಸಿ ನೀರು ನಿಲ್ಲುತ್ತದೆ. ಜಾಗ ಹುಡುಕಿದವರ ಕಣ್ಣಿಗೆ ಕೈಮುಗಿಯಬೇಕು. ಇದಕ್ಕೆ ಈಗಿನ ಅಣೆಕಟ್ಟುಗಳ ಹಾಗೆ ಮೇಲುಗಡೆ ಸಾಲು ಗೇಟುಗಳಿಲ್ಲ. 130 ಅಡಿ ತುಂಬಿದರೆ ಪಕ್ಕದ ಕೋಡಿಯಲ್ಲಿ ತಾನಾಗಿ ಹರಿದು ಹೋಗುತ್ತದೆ, ಹಳ್ಳಿಯ ಕೆರೆ ಕೋಡಿ ಬೀಳುತ್ತದಲ್ಲ, ಥೇಟ್ ಹಾಗೆ.

ಆ ಕೋಡಿ ಬೀಳುವುದೇ ನಮಗೆ ದೊಡ್ಡ ಸಂಗತಿ. ಇಲ್ಲಿ ಕಟ್ಟಿರುವುದು ವೇದಾವತಿ ನದಿಗೆ. ಬಾಬಾಬುಡನ್‌ಗಿರಿಯ ಕಡೆ ಹುಟ್ಟುವ ವೇದಾ, ಆವತಿ ಅನ್ನುವ ಎರಡು ಹೊಳೆಗಳು ಕಡೂರಿನ ಹತ್ತಿರ ಸೇರಿ ವೇದಾವತಿಯಾಗಿ ನಮ್ಮ ಕಡೆ ಬರುತ್ತದೆ. ಮುಂದೆ ಬಳ್ಳಾರಿ ಕಡೆ ಅದನ್ನೇ ಹಗರಿ ಅನ್ನುತ್ತಾರೆ. ಬರುವ ದಾರಿಯಲ್ಲೇ ಬಯಲುಸೀಮೆ ಅದನ್ನು ಕುಡಿದುಬಿಡುತ್ತದೆ. ಹೀಗಾಗಿ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಆಮೇಲೆ ತುಂಬಲೇ ಇಲ್ಲ. ಮೂರು ತಲೆಮಾರು ಹೀಗೇ ಕಳೆಯಿತು. ಬರದ ವರ್ಷಗಳಲ್ಲಿ ನೀರು ತಳ ಸೇರಿ, ಹಿರಿಯೂರು ಸುತ್ತಿನ ತೆಂಗಿನ ತೋಟಗಳ ತಲೆ ಬಾಗಿ, ಸುಳಿ ಒಣಗಿ, ಕೊನೆಗೆ ಮರಗಳನ್ನು ಕಡಿಸಿ ಹಾಕಿದ್ದನ್ನು ನಾನು ಕಂಡಿದ್ದೇನೆ. ಮೂವತ್ತು ನಲವತ್ತು ವರ್ಷ ಸಾಕಿದ ಮರ ಬಿದ್ದಾಗ ರೈತರು ಮನೆಯವರೇ ಹೋದಂತೆ ಕೂತುಬಿಡುತ್ತಿದ್ದರು.

ಆಮೇಲೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಬಂತು. ಭದ್ರೆಯ ನೀರನ್ನು ಮೇಲಕ್ಕೆತ್ತಿ, ಅಜ್ಜಂಪುರದ ಹತ್ತಿರ ಗುಡ್ಡದ ಅಡಿಯಲ್ಲಿ ಸುರಂಗ ಕೊರೆದು, ವೇದಾವತಿಯ ಕಡೆಗೆ ಬಿಟ್ಟರು. 2022ರಲ್ಲಿ ಮಳೆಯೂ ಚೆನ್ನಾಗಿ ಆಯಿತು. ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ, ಮಾರಿಕಣಿವೆ ಕೋಡಿ ಬಿತ್ತು. ಟ್ರಾಕ್ಟರ್ ಕಟ್ಟಿಕೊಂಡು, ಬೈಕಿನಲ್ಲಿ, ನಡೆದುಕೊಂಡು ಜನ ಬಂದರು. ನನ್ನ ಪಕ್ಕ ನಿಂತಿದ್ದ ಒಬ್ಬ ಅಜ್ಜ, "ನಮ್ಮಪ್ಪ ನೋಡಿದ್ನಂತೆ ಕಣಪ್ಪ, ನಾನೂ ನೋಡ್ದಂಗಾಯ್ತು" ಅಂದು ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಹೆಣ್ಣುಮಕ್ಕಳು ಅರಿಶಿನ ಕುಂಕುಮ ಹಾಕಿ ನೀರಿಗೆ ಪೂಜೆ ಮಾಡುತ್ತಿದ್ದರು. 2025ರಲ್ಲಿ ಮತ್ತೆ ಕೋಡಿ ಬಿತ್ತು. ಕೋಡಿ ಬಿದ್ದ ಸುದ್ದಿ ಬಂದರೆ ಬೆಂಗಳೂರಿನವರು ತಡ ಮಾಡಬೇಡಿ, ಬಂದುಬಿಡಿ. ಬೀಳದೆ ಇದ್ದರೂ ಪರವಾಗಿಲ್ಲ, ಕಟ್ಟೆಯ ಮೇಲೆ ನಿಂತು ಒಂದು ಕಡೆ ನೀರು, ಇನ್ನೊಂದು ಕಡೆ ಹಸಿರು ತೋಟಗಳ ಪಟ್ಟೆ, ಅದರಾಚೆ ಬೋಳು ಗುಡ್ಡಗಳು ಕಾಣುತ್ತವೆ. ಕಾಲುವೆ ಎಲ್ಲಿಯವರೆಗೆ ಹೋಗಿದೆ ಅನ್ನುವುದನ್ನು ಹಸಿರೇ ಹೇಳುತ್ತದೆ.

ಹಿರಿಯೂರು, ಮಾರಿಕಣಿವೆ, ಚಂದ್ರವಳ್ಳಿ, ಸಂತೆ ಹೊಂಡ. ಒಂದು ದಿನಕ್ಕೆ ಇಷ್ಟು ಸಾಕು. ಕೋಟೆಯನ್ನೂ ಸೇರಿಸಬೇಕು ಅಂದರೆ ಬೆಂಗಳೂರನ್ನು ಐದಕ್ಕೇ ಬಿಡಬೇಕು. ಊರ ಹತ್ತಿರದ ಜೋಗಿಮಟ್ಟಿ ಬೆಟ್ಟಕ್ಕೂ ಹೋಗೋಣ ಅಂತ ಆಸೆಪಟ್ಟರೆ ಯಾವುದೂ ಸರಿಯಾಗಿ ಆಗುವುದಿಲ್ಲ. ಜೋಗಿಮಟ್ಟಿಯ ಗಾಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಮೊಳಕಾಲ್ಮೂರು ಕಡೆಗೆ ಬೇರೆಯೇ ಒಂದು ದಿನ ಬೇಕು. ಇದು ಸ್ವಲ್ಪ ಗಟ್ಟಿಗರ ದಾರಿ. ಹಿರಿಯೂರಿನಿಂದ ಬಲಕ್ಕೆ ಬಳ್ಳಾರಿ ರಸ್ತೆ ಹಿಡಿದು ಚಳ್ಳಕೆರೆ ದಾಟಬೇಕು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಕಂಬಳಿ ನೇಯುವವರ ಊರು, ಸುತ್ತ ಶೇಂಗಾ ಹೊಲ. ಊರಾಚೆ ಅಮೃತಮಹಲ್ ಕಾವಲು, ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು ಇತ್ತು. ಈಗ ಅದರಲ್ಲಿ ವಿಜ್ಞಾನ ಸಂಸ್ಥೆಗಳ ಕಾಂಪೌಂಡುಗಳು ಎದ್ದಿವೆ. ದನ ಕುರಿ ಮೇಯಿಸುತ್ತಿದ್ದವರಿಗೆ ಹುಲ್ಲುಗಾವಲು ಹೋದದ್ದು ಸಣ್ಣ ನಷ್ಟ ಅಲ್ಲ, ಅದನ್ನು ಹೇಳದೆ ಈ ರಸ್ತೆಯ ಬಗ್ಗೆ ಬರೆಯಲಾರೆ. ದನ ಸಾಕಿಯೇ ಬದುಕಿದ ಈ ಸೀಮೆಯ ಮ್ಯಾಸಬೇಡರು ಇವತ್ತಿಗೂ ದೇವರ ಎತ್ತುಗಳನ್ನು ಸಾಕುತ್ತಾರೆ. ಅವು ನೊಗ ಕಾಣದ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿಗಳು ಬೇಸಿಗೆಯಲ್ಲಿ ಮೇವು ನೀರಿಗಾಗಿ ಪಡುವ ಪಾಡು ದೇವರಿಗೇ ಗೊತ್ತು.

ದಾರಿಯ ಪಕ್ಕಕ್ಕೆ ನಾಯಕನಹಟ್ಟಿ ಸಿಗುತ್ತದೆ. ತಿಪ್ಪೇರುದ್ರಸ್ವಾಮಿ ಅಂದರೆ ನಮ್ಮ ಕಡೆಯವರಿಗೆ ಉಸಿರು. "ಮಾಡಿದಷ್ಟು ನೀಡು ಭಿಕ್ಷೆ" ಅಂದವರು ಅವರು. ಭಕ್ತರು ತೇರಿಗೆ ಬರುತ್ತಾರೆ, ಕೊಬ್ಬರಿ ಸುಡುತ್ತಾರೆ, ತೇರಿನ ಮುಕ್ತಿ ಬಾವುಟದ ಹರಾಜು ಕೂಗುವುದನ್ನು ಕೇಳುತ್ತಾರೆ. ಅದರಷ್ಟೇ ಮುಖ್ಯವಾದದ್ದು, ಆ ಸ್ವಾಮಿ ಈ ಒಣ ನೆಲದಲ್ಲಿ ಜನರನ್ನು ಸೇರಿಸಿ ಕೆರೆಗಳನ್ನು ಕಟ್ಟಿಸಿದರು ಅನ್ನುವುದು. ಊರಿನ ಹಿರಿಯರನ್ನು ಕೇಳಿದರೆ ಕೆರೆಗಳ ಹೆಸರು ಹೇಳಿ ದಾರಿ ತೋರಿಸುತ್ತಾರೆ. ಗುಡಿಯಿಂದ ನೇರ ಒಂದು ಕೆರೆಗೆ ಹೋಗಿ ಏರಿಯ ಮೇಲೆ ನಡೆದಾಡಿ ಬನ್ನಿ.

ಇನ್ನು ಬ್ರಹ್ಮಗಿರಿ. ಇಲ್ಲಿ ನೀರಿನ ಮಾತಿಲ್ಲ, ಆದರೂ ಬಿಡಲಾರೆ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರ, ಈ ಮೂರೂ ಒಂದಕ್ಕೊಂದು ಹತ್ತಿರದಲ್ಲಿವೆ. ಮೂರರಲ್ಲೂ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯದನ್ನು ಹಳ್ಳಿಯ ಜನ ಅಕ್ಷರಗುಂಡು ಅಂತ ಕರೆಯುತ್ತಿದ್ದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ, ಕ್ಷೇಮ ವಿಚಾರಿಸಿ, ಅಶೋಕನ ಮಾತನ್ನು ಮುಟ್ಟಿಸಿದ ಓಲೆ ಅದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಗೌರವ ಕೊಡಬೇಕು. ಅಷ್ಟೇ. ಬ್ರಾಹ್ಮಿ ಲಿಪಿಯಲ್ಲಿ ಇಷ್ಟೆಲ್ಲ ಬರೆದು ಮುಗಿಸಿದ ಮೇಲೆ, ಕೆತ್ತಿದವನು ಕೊನೆಗೆ ಚಪಡ ಅಂತ ತನ್ನ ಹೆಸರು ಹಾಕಿ, ತಾನು ಲಿಪಿಕಾರ ಅನ್ನುವುದನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಇಲ್ಲಿಯದಲ್ಲ, ಈಗಿನ ಪೇಶಾವರದ ಕಡೆಯದು, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಅಷ್ಟು ದೂರದಿಂದ ಬಂದವನೋ, ಅಲ್ಲಿ ಕಲಿತವನೋ, ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಕಲ್ಲು ಕೊರೆದ ಮನುಷ್ಯನ ಹೆಸರು ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಉಳಿದಿದೆ. ಶಾಲೆಯಲ್ಲಿ ನಮಗೆ ಅಶೋಕನ ಹೆಸರು ಹೇಳಿಕೊಟ್ಟರು. ಚಪಡನ ಹೆಸರನ್ನೂ ಮಕ್ಕಳಿಗೆ ಹೇಳಿ, ಇಲ್ಲಿಗೇ ಕರೆತಂದು ಹೇಳಿ.

ಜಟಿಂಗರಾಮೇಶ್ವರ ಬೆಟ್ಟ ಹತ್ತಲು ಮೆಟ್ಟಿಲುಗಳಿವೆ. ರಾವಣನ ಜೊತೆ ಕಾದಾಡಿ ಜಟಾಯು ಬಿದ್ದದ್ದು ಇಲ್ಲೇ ಅಂತ ಊರವರ ನಂಬಿಕೆ. ಅಲ್ಲಿನ ಶಾಸನ ತುಂಬಾ ಸವೆದಿದೆ, ಮೇಲಿನಿಂದ ಕಾಣುವ ಸೀಮೆಗಾಗಿ ಹತ್ತಿ. ಇಳಿದ ಮೇಲೆ ಮೊಳಕಾಲ್ಮೂರಿನಲ್ಲಿ ನೇಕಾರರ ಕೇರಿಗೆ ಹೋಗಿ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ರೇಷ್ಮೆ ನೇಯುವುದನ್ನು ನೋಡಬಹುದು, ಇಲ್ಲಿನ ಸೀರೆಗೆ ಜಿಐ ಗುರುತೂ ಸಿಕ್ಕಿದೆ. ಕೊಳ್ಳುವುದಾದರೆ ಅಲ್ಲೇ ಕೊಳ್ಳಿ, ಚೌಕಾಸಿ ಮಾತ್ರ ಜಾಸ್ತಿ ಮಾಡಬೇಡಿ.

ಮೂರನೆಯ ದಾರಿ ದಾವಣಗೆರೆಯದು. ಇದಕ್ಕೆ ಕಾರು ಬೇಡ, ರೈಲು ಹತ್ತಿ. ಬೆಳಗ್ಗೆ ಹೊರಡುವ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಸ್ಟೇಷನ್‌ನಿಂದ ಇಳಿದು ಮೊದಲು ಬೆಣ್ಣೆದೋಸೆ ತಿನ್ನಿ. ಬೆಂಗಳೂರಿನಲ್ಲಿ ಬೋರ್ಡ್ ಹಾಕಿ ಮಾರುವುದನ್ನು ತಿಂದಿದ್ದೀರಿ, ಇಲ್ಲಿ ಸಣ್ಣ ಹೋಟೆಲಿನಲ್ಲಿ ಸೌದೆ ಒಲೆಯ ಕಾವಲಿಯಿಂದ ಬಂದದ್ದನ್ನು ತಿಂದು ನೋಡಿ. ಸಂಜೆಗೆ ಖಾರ ಮಂಡಕ್ಕಿ, ಮೆಣಸಿನಕಾಯಿ. ತಿಂದಾದ ಮೇಲೆ ಬಾಡಿಗೆ ಗಾಡಿ ಮಾಡಿಕೊಂಡು ಚನ್ನಗಿರಿ ಕಡೆ ಹೊರಡಿ.

ಸಂತೇಬೆನ್ನೂರಿನ ಪುಷ್ಕರಣಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ಚೌಕಾಕಾರದ ದೊಡ್ಡ ಕೊಳ, ನಾಲ್ಕೂ ಕಡೆ ಮೆಟ್ಟಿಲು, ನಡುವೆ ನೀರಿನಲ್ಲಿ ನಿಂತ ವಸಂತ ಮಂಟಪ, ಅಂಚಿನಲ್ಲಿ ಸಣ್ಣ ಮಂಟಪಗಳು. ಎದುರಿಗೆ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್ ಖಾನೆ. ನಡುವಿನ ಮಂಟಪದ ಕಮಾನುಗಳನ್ನೂ ಗೋಪುರದ ತುದಿಯನ್ನೂ ನೋಡುತ್ತಾ ಇದು ಯಾವ ಶೈಲಿ ಅಂತ ಕೇಳಿದರೆ ಒಂದೇ ಮಾತಲ್ಲಿ ಹೇಳೋಕೆ ಆಗುವುದಿಲ್ಲ, ಎರಡೂ ಕೈ ಸೇರಿ ಮಾಡಿದ ಕೆಲಸ ಅದು. ನೀರಿನಲ್ಲಿ ಮೀನುಗಳು ಗುಂಪುಗುಂಪಾಗಿ ಮೆಟ್ಟಿಲವರೆಗೂ ಬರುತ್ತವೆ.

ಅಲ್ಲಿಂದ ಸೂಳೆಕೆರೆ ದೂರ ಇಲ್ಲ. ಶಾಂತಿಸಾಗರ ಅಂತ ಬೋರ್ಡಿನಲ್ಲಿ ಬರೆದಿರುತ್ತದೆ. ನಾನು ಊರವರು ಹೇಳುವ ಹೆಸರನ್ನೇ ಹೇಳುತ್ತೇನೆ, ಅದಕ್ಕೊಂದು ಕತೆಯೂ ಇದೆ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಬೇಕಾದ ಜಾಗ ಅಲ್ಲಿದ್ದ ಸೂಳೆಯರದಾಗಿತ್ತು. ಅವರು ಹಣ ಕೇಳಲಿಲ್ಲ, ಕೆರೆಗೆ ತಮ್ಮ ಹೆಸರಿರಲಿ ಅಂತ ಮಾತ್ರ ಕೇಳಿ ಜಾಗ ಬಿಟ್ಟುಕೊಟ್ಟರಂತೆ. ಮನೆ ಕಳೆದುಕೊಂಡು ನೀರು ಕೊಟ್ಟವರು ಅವರು. ಅವರು ಕೇಳಿದ್ದನ್ನು ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ.

ಕೆರೆ ಅಂದರೆ ಇದು ಕೆರೆಯ ಹಾಗೆ ಕಾಣುವುದಿಲ್ಲ. ಆಚೆ ದಡ ಮಸುಕು ಮಸುಕು. ವಿಸ್ತಾರ ಆರು ಸಾವಿರ ಎಕರೆಗೂ ಜಾಸ್ತಿ. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಅಂತ ನಮ್ಮ ಕಡೆ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅದನ್ನು ಹಿಡಿದು ನಿಲ್ಲಿಸಿರುವ ಏರಿ ನೋಡಿ, ಎರಡು ಗುಡ್ಡಗಳ ನಡುವೆ ಒಂದು ಸಣ್ಣ ಮಣ್ಣಿನ ಏರಿ. ಮಾರಿಕಣಿವೆಯ ಇಂಜಿನಿಯರುಗಳು ಮಾಡಿದ ಲೆಕ್ಕವನ್ನೇ ಅವರಿಗಿಂತ ನೂರಾರು ವರ್ಷ ಮೊದಲು, ಹೆಸರೇ ಉಳಿಯದ ಯಾರೋ ಒಡ್ಡರು, ಯಾರೋ ಹಳ್ಳಿಯ ಮೇಸ್ತ್ರಿಗಳು ಮಾಡಿದ್ದರು. ಹಳ್ಳಗಳು ಎಲ್ಲಿ ಸೇರುತ್ತವೆ, ಗುಡ್ಡ ಎಲ್ಲಿ ಇಕ್ಕಟ್ಟಾಗುತ್ತದೆ, ಎಲ್ಲಿ ಮಣ್ಣು ಹಾಕಿದರೆ ನಿಲ್ಲುತ್ತದೆ ಅನ್ನುವುದನ್ನು ನಡೆದು ನಡೆದೇ ಕಂಡುಕೊಂಡಿರಬೇಕು. ಸಿದ್ಧ ನಾಲೆ, ಬಸವ ನಾಲೆ ಅಂತ ಎರಡು ಕಾಲುವೆಗಳು ಹೊರಡುತ್ತವೆ, ಅವುಗಳ ಉದ್ದಕ್ಕೂ ಅಡಿಕೆ, ಭತ್ತ. ಇಲ್ಲಿಂದ ಹೊರಟ ಹರಿದ್ರಾ ನದಿ ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತದೆ. ಸಮಯ ಇದ್ದರೆ ಅಲ್ಲಿಗೂ ಹೋಗಿ, 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿ ಹೊಳೆಯ ಪಕ್ಕದಲ್ಲೇ ಇದೆ.

ನಮ್ಮ ಚಿತ್ರದುರ್ಗದ ನಲ್ಲಿಯಲ್ಲಿ ಬರುವ ನೀರಿನಲ್ಲಿ ಈ ಸೂಳೆಕೆರೆಯದೂ ಇದೆ. ಎರಡು ಜಿಲ್ಲೆಯ ಊರುಗಳು ಇದನ್ನು ಕುಡಿಯುತ್ತಿವೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದರೂ ಪೈಪು ಇಬ್ಬರಿಗೂ ಒಂದೇ ಕೆರೆಯಿಂದ ಬರುತ್ತಿದೆ. ಹಾಗಿರುವಾಗ ಇದರಲ್ಲಿ ಹೂಳು ತುಂಬುತ್ತಿದೆ, ಅಂಚಿನ ಜಾಗ ಒತ್ತುವರಿಯಾಗುತ್ತಿದೆ. ಸರ್ವೆ ಮಾಡಿ ಗಡಿಕಲ್ಲು ಹಾಕಿ ಅಂತ ಆ ಭಾಗದ ರೈತರೂ ಮಠದ ಸ್ವಾಮಿಗಳೂ ಎಷ್ಟೋ ಸಲ ಬೀದಿಗೆ ಇಳಿದಿದ್ದಾರೆ. ಹೊರಗಿನಿಂದ ಜನ ಬಂದು ನೋಡಿದರೆ, ಇದು ಬರಿಯ ನಮ್ಮ ಹೊಲದ ನೀರಲ್ಲ, ನಾಡಿನ ಆಸ್ತಿ ಅಂತ ಅಧಿಕಾರಿಗಳಿಗೂ ಅನ್ನಿಸೀತು. ನಾನು ಇಷ್ಟುದ್ದ ಬರೆದು ಕರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಬರುವುದಾದರೆ ಸೆಪ್ಟೆಂಬರ್‌ನಿಂದ ಜನವರಿಯೊಳಗೆ ಬನ್ನಿ. ಮಾರ್ಚ್ ಆದ ಮೇಲೆ ಮೊಳಕಾಲ್ಮೂರು ಬಂಡೆಗಳ ಮೇಲೆ ಕಾಲಿಡೋಕೆ ಆಗುವುದಿಲ್ಲ. ಬ್ರಹ್ಮಗಿರಿಯ ಕಡೆ ಅಂಗಡಿ ಹೋಟೆಲು ಕಡಿಮೆ, ಊಟದ ಬುತ್ತಿ, ಕುಡಿಯುವ ನೀರು ಕಟ್ಟಿಕೊಂಡು ಬನ್ನಿ, ಬಾಟಲಿಗಳನ್ನು ವಾಪಸ್ ಒಯ್ಯಿರಿ. ಮಾರಿಕಣಿವೆ, ಚಂದ್ರವಳ್ಳಿ, ಸೂಳೆಕೆರೆ, ಎಲ್ಲೂ ನೀರಿಗೆ ಇಳಿಯಬೇಡಿ. ದಡ ಸಮ ಅನ್ನಿಸಿದರೂ ಒಳಗೆ ಆಳ ಇದೆ. ಹೊರಗಿನಿಂದ ಬಂದ ಹುಡುಗರ ಸುದ್ದಿ ವರ್ಷಾ ವರ್ಷ ಕೇಳಿ ಕೇಳಿ ನಮಗೆ ಸಾಕಾಗಿದೆ. ಶಾಸನದ ಅಕ್ಷರ ಕಾಣಲಿ ಅಂತ ಸುಣ್ಣ ಬಳಿಯುವುದು, ಬೆರಳಲ್ಲಿ ಉಜ್ಜುವುದು ಮಾಡಬೇಡಿ. ಹೊರಡುವ ಹಿಂದಿನ ದಿನ ಮಾರಿಕಣಿವೆಯ ನೀರಿನ ಮಟ್ಟ ಎಷ್ಟಿದೆ ಅಂತ ಪೇಪರಿನಲ್ಲಿ ನೋಡಿಕೊಳ್ಳಿ, ನಮ್ಮ ಜಿಲ್ಲೆಯ ಪುಟದಲ್ಲಿ ಅದು ಬಂದೇ ಬರುತ್ತದೆ. 125 ಅಡಿ ದಾಟಿದೆ ಅಂತ ಕಂಡರೆ ಬೇರೆ ಕಡೆಗೆ ಹಾಕಿಕೊಂಡಿದ್ದ ಪ್ಲಾನ್ ಬಿಟ್ಟು ಮೊದಲು ಅಲ್ಲಿಗೇ ಬನ್ನಿ.